‘ಮಾವ’ ಅಂದರೆ ಯಾರು? ಗಡಿನಾಡಿನಲ್ಲಿ ಮನೆಯೊಳಗಿನ ಹಿಂಸೆ, ನೆರವು ಮತ್ತು ಭಾಷೆ

ನನ್ನ ಧ್ವನಿ ಕೇಳ್ತಾ ಉಂಟು ಅಂದುಕೊಳ್ಳುತ್ತೇನೆ. ಇಲ್ಲಿ ಮಳೆ ಶುರುವಾಗಿದೆ, ನೆಟ್ ಹೋದರೆ ಎರಡು ನಿಮಿಷ ಕಾಯಿರಿ, ಮತ್ತೆ ಬರುತ್ತೇನೆ.

ಬೆಳಗ್ಗಿನಿಂದ ಮಾತಾಡಿದವರೆಲ್ಲ ಗಡಿನಾಡಿನ ಕನ್ನಡ ಶಾಲೆ, ಪಠ್ಯಪುಸ್ತಕ, ಯಕ್ಷಗಾನ, ಪತ್ರಿಕೆಗಳ ಬಗ್ಗೆ ಹೇಳಿದರು. ನನ್ನ ವಿಷಯ ಮನೆಯೊಳಗಿನದು. ಮನೆಯಲ್ಲಿ ಮಗುವಿಗೆ ಅಥವಾ ಹೆಂಗಸಿಗೆ ಹಿಂಸೆ ಆದಾಗ ನೆರವು ಕೇಳಲಿಕ್ಕೆ ಯಾವ ಬಾಗಿಲು ಉಂಟು, ಮತ್ತು ಆ ಬಾಗಿಲಲ್ಲಿ ನಿಂತು ಯಾವ ಭಾಷೆಯಲ್ಲಿ ಮಾತಾಡುವುದು. ಕನ್ನಡ ಸಾಹಿತ್ಯ ಓದುವವಳಿಗೆ ಕಾನೂನಿನ ಉಸಾಬರಿ ಯಾಕೆ ಅಂತ ನಮ್ಮ ವಿಭಾಗದಲ್ಲಿಯೇ ಕೇಳಿದರು. ಅದಕ್ಕೆ ಉತ್ತರವಾಗಿ ಒಂದು ಘಟನೆ ಹೇಳುತ್ತೇನೆ. ಮಗುವಿನ ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಒಂದು ಶಬ್ದವನ್ನು ಮಾತ್ರ ಬದಲಿಸಿಲ್ಲ.

ನಾನು ಕಾಸರಗೋಡಿನ ಒಳಭಾಗದವಳು. ಎಂ.ಎ. ಮೊದಲ ವರ್ಷದ ರಜೆಯಲ್ಲಿ ಊರಿಗೆ ಹೋದಾಗ ಒಂದು ಬೇಸಿಗೆ ಶಿಬಿರದಲ್ಲಿ ಮಕ್ಕಳಿಂದ ಕತೆ ಬರೆಸುವ ಕೆಲಸ ವಹಿಸಿಕೊಂಡಿದ್ದೆ. ‘ನಮ್ಮ ಮನೆ’ ಅಂತ ವಿಷಯ ಕೊಟ್ಟೆ. ಕನ್ನಡ ಮಾಧ್ಯಮದಲ್ಲಿ ಓದುವ ಒಬ್ಬಳು ಹುಡುಗಿ ಅರ್ಧ ಪುಟ ಬರೆದಳು. ಅದರಲ್ಲಿ ಎರಡು ವಾಕ್ಯ ಹೀಗಿತ್ತು: ಮಾವ ಬಂದ ದಿನ ನಾನು ಅಟ್ಟದಲ್ಲಿ ಮಲಗುವುದು. ಏಣಿಯನ್ನು ಮೇಲೆ ಎಳೆದುಕೊಳ್ಳುವುದು.

ನಾನು ಎಂತ ಮಾಡಿದೆ ಗೊತ್ತುಂಟಾ? ‘ಏಣಿ’ಯನ್ನು ಅವಳು ‘ಏನಿ’ ಅಂತ ಬರೆದಿದ್ದಳು, ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿದೆ. ಬದಿಯಲ್ಲಿ ‘ಚಿತ್ರ ಕಣ್ಣಿಗೆ ಕಟ್ಟುತ್ತದೆ, ಚೆನ್ನಾಗಿದೆ’ ಅಂತ ಬರೆದೆ. ಸಂಜೆ ಶಿಬಿರದ ಹಿರಿಯ ಟೀಚರ್ ಅದೇ ಹಾಳೆ ಓದಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಏಣಿ ಯಾಕೆ ಮೇಲೆ ಎಳ್ಕೊಳ್ತಾಳೆ?”

ಹಂಚಿನ ಮನೆಯ ಅಟ್ಟದಲ್ಲಿ ತೆಂಗಿನಕಾಯಿ, ಅಡಕೆ, ಹಳೆ ಪಾತ್ರೆ ಇರುತ್ತದೆ. ಮಕ್ಕಳು ಅಲ್ಲಿ ಮಲಗುವ ಪದ್ಧತಿ ಇಲ್ಲ. ಅಷ್ಟು ಕೂಡ ನನಗೆ ಹೊಳೆಯಲಿಲ್ಲ. ಪಠ್ಯವನ್ನು ಪಠ್ಯವಾಗಿ ಓದಬೇಕು ಅಂತ ಎರಡು ಸೆಮಿಸ್ಟರ್ ಕಲಿತು ಬಂದಿದ್ದೆನಲ್ಲ.

ಟೀಚರ್ ಮರುದಿನ ಹುಡುಗಿಯ ಹತ್ತಿರ ಕೂತು ಹೂ ಕಟ್ಟುತ್ತಾ ಮಾತಾಡಿದರು. ಅವಳು ಹೇಳಿದಷ್ಟು ಕೇಳಿದರು, ಹೇಳದ್ದನ್ನು ಕೆದಕಲಿಲ್ಲ. “ಯಾರಿಗೂ ಹೇಳುವುದಿಲ್ಲ” ಅಂತ ಮಾತು ಕೊಡಲಿಲ್ಲ. “ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೇನೆ” ಅಂದರು. ಎದ್ದು ಬಂದವರೇ ಅವಳು ಹೇಳಿದ ಮಾತನ್ನು ಅವಳದೇ ಕನ್ನಡದಲ್ಲಿ, ಅವಳದೇ ಶಬ್ದಗಳಲ್ಲಿ, ತಾರೀಕು ಸಮಯ ಹಾಕಿ ಬರೆದಿಟ್ಟರು. ಆಮೇಲೆ 1098ಕ್ಕೆ ಫೋನ್ ಮಾಡಿದರು.

ಆ ಕಾಗದ ಎಷ್ಟು ಮುಖ್ಯ ಅಂತ ಗೊತ್ತಾದದ್ದು ಹೇಳಿಕೆ ತೆಗೆದುಕೊಳ್ಳುವ ದಿನ. 2012ರ ಪೋಕ್ಸೊ ಕಾಯಿದೆಯ 24ನೇ ಕಲಮಿನ ಪ್ರಕಾರ ಮಗುವನ್ನು ಠಾಣೆಗೆ ಕರೆಸಬೇಕಾಗಿಲ್ಲ. ಮಗುವಿನ ಮನೆಯಲ್ಲಿ ಅಥವಾ ಮಗುವಿಗೆ ಬೇಕಾದ ಜಾಗದಲ್ಲಿ, ಸಾಧ್ಯವಾದಷ್ಟು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಯೂನಿಫಾರ್ಮ್ ಇಲ್ಲದೆ ಬಂದು ಕೇಳಬೇಕು. ಹಾಗೇ ನಡೆಯಿತು. ಹುಡುಗಿಯ ಅಜ್ಜಿಮನೆಯ ಜಗಲಿಯಲ್ಲಿ. ಬಂದವರು ಒಳ್ಳೆಯವರೇ, ಚಾಕಲೇಟು ಕೂಡ ತಂದಿದ್ದರು. ಆದರೆ ಕನ್ನಡ ಅಷ್ಟಕ್ಕಷ್ಟೆ. ಹುಡುಗಿ ಕನ್ನಡದಲ್ಲಿ ಹೇಳಿದಳು, ಅವರು ಮಲಯಾಳದಲ್ಲಿ ಬರೆದುಕೊಂಡರು, ಮಲಯಾಳದಲ್ಲೇ ಓದಿ ಹೇಳಿ “ಶರಿಯಲ್ಲೇ ಮೋಳೇ?” ಅಂದರು. ಹುಡುಗಿ ಹೂಂ ಅಂತ ತಲೆ ಆಡಿಸಿದಳು. ದೊಡ್ಡವರು ಕೇಳಿದರೆ ಮಕ್ಕಳು ಹೂಂ ಅನ್ನುತ್ತಾರೆ.

“ಒಮ್ಮೆ ಕನ್ನಡದಲ್ಲಿ ಓದಿ ಹೇಳುವ, ಆಗಬಹುದಾ ಮೇಡಂ?” ಅಂತ ಟೀಚರ್ ಕೇಳಿದರು. ಓದಿದಾಗ ಗೊತ್ತಾಯಿತು, ಹುಡುಗಿ ‘ಮಾವ’ ಅಂದದ್ದು ಕಾಗದದಲ್ಲಿ ‘ಅಮ್ಮಾವನ್’ ಆಗಿತ್ತು. ಅಮ್ಮಾವನ್ ಅಂದರೆ ಮೊದಲು ಹೊಳೆಯುವುದು ತಾಯಿಯ ಅಣ್ಣ ಅಥವಾ ತಮ್ಮ. ನಮ್ಮ ಕನ್ನಡದ ಮಾವ ಸೋದರಮಾವನೂ ಆಗಬಹುದು, ಅತ್ತೆಯ ಗಂಡನೂ ಆಗಬಹುದು, ಮದುವೆಯಾದವರಿಗೆ ಗಂಡನ ಅಪ್ಪನೂ ಆಗಬಹುದು. ಹುಡುಗಿ ಹೇಳಿದ್ದು ಅಪ್ಪನ ತಂಗಿಯ ಗಂಡನ ಬಗ್ಗೆ. ಅವಳ ಸೋದರಮಾವ ಅದೇ ಜಗಲಿಯ ತುದಿಯಲ್ಲಿ ಕೂತಿದ್ದ. ವಿಷಯ ತಿಳಿದ ರಾತ್ರಿಯೇ ಬೈಕಿನಲ್ಲಿ ಹೋಗಿ ಅವಳನ್ನು ಅಜ್ಜಿಮನೆಗೆ ಕರೆದುಕೊಂಡು ಬಂದವನು ಅವನು.

ಅಧಿಕಾರಿ ತಕ್ಷಣ ತಿದ್ದಿದರು, ಅದನ್ನು ಹೇಳಲೇಬೇಕು. ಆದರೆ ಟೀಚರ್ ಅಲ್ಲಿ ಇಲ್ಲದಿದ್ದರೆ? ಒಂದೋ ತಪ್ಪು ಮನುಷ್ಯನ ಮೇಲೆ ಕೇಸು ಬೀಳುತ್ತಿತ್ತು. ಇಲ್ಲವೇ ಮುಂದೆ ಕೋರ್ಟಿನಲ್ಲಿ ಹುಡುಗಿ ಬೇರೆ ಹೇಳಿದಾಗ ‘ಸಾಕ್ಷಿ ಮಾತು ಬದಲಿಸಿದಳು’ ಅನ್ನುವ ವಾದ ಬರುತ್ತಿತ್ತು.

ನನ್ನ ಪ್ರಬಂಧ ಹುಟ್ಟಿದ್ದು ಆ ಜಗಲಿಯಲ್ಲಿ. ನೆರವಿನ ವ್ಯವಸ್ಥೆ ಇಲ್ಲ ಅಂತ ನಾವು ದೂರುತ್ತೇವೆ. ವ್ಯವಸ್ಥೆ ಉಂಟು. ಗಡಿನಾಡಿನಲ್ಲಿ ಅದು ಎಡವುವುದು ಹೆಚ್ಚಾಗಿ ಬಾಯಿಂದ ಕಾಗದಕ್ಕೆ ಇಳಿಯುವಲ್ಲಿ. ಅಲ್ಲಿ ಎಡವಬಾರದು ಅಂತ ಕಾನೂನು ಬರೆದವರೇ ಯೋಚನೆ ಮಾಡಿದ್ದಾರೆ, ನಮಗೆ ಗೊತ್ತಿಲ್ಲ ಅಷ್ಟೆ.

ಪೋಕ್ಸೊದ 19ನೇ ಕಲಂ ನೋಡಿ. ದೂರು ಕೊಡುವುದು ಮಗುವೇ ಆದರೆ ಅದಕ್ಕೆ ಅರ್ಥವಾಗುವ ಸರಳ ಭಾಷೆಯಲ್ಲಿ ದಾಖಲಿಸಬೇಕು. ಮಗುವಿಗೆ ತಿಳಿಯದ ಭಾಷೆಯಲ್ಲಿ ಬರೆಯುವುದಾದರೆ ಅನುವಾದಕರನ್ನು ಅಥವಾ ದುಭಾಷಿಯನ್ನು ಒದಗಿಸಬೇಕು. ಹೇಳಿಕೆ ತೆಗೆದುಕೊಳ್ಳುವಾಗ 26ನೇ ಕಲಂ, ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ 38ನೇ ಕಲಂ ಇದನ್ನೇ ಹೇಳುತ್ತವೆ. ದುಭಾಷಿ ಎಂಬ ಕೂಡಲೇ ನಾವು ದೊಡ್ಡ ಪದವಿ ಇದ್ದವರನ್ನು ನೆನೆಯುತ್ತೇವೆ. 2020ರ ಪೋಕ್ಸೊ ನಿಯಮಗಳು ಕೇಳುವುದು ಅದನ್ನಲ್ಲ. ಮಗುವಿನ ಭಾಷೆ ಮತ್ತು ರಾಜ್ಯದ ಆಡಳಿತ ಭಾಷೆ ಎರಡೂ ಬಳಕೆಯ ಮಟ್ಟಿಗೆ ಗೊತ್ತಿರಬೇಕು. ಅದು ಮಾತೃಭಾಷೆಯಾಗಿ ಬಂದಿರಬಹುದು, ಕಡೇಪಕ್ಷ ಪ್ರಾಥಮಿಕ ಶಾಲೆಯವರೆಗೆ ಆ ಮಾಧ್ಯಮದಲ್ಲಿ ಓದಿದ್ದರಿಂದ ಬಂದಿರಬಹುದು, ಅಥವಾ ಆ ಭಾಷೆ ಆಡುವ ಊರಲ್ಲಿ ವಾಸ ಮಾಡಿಯೋ ಕೆಲಸ ಮಾಡಿಯೋ ಬಂದಿರಬಹುದು. ಇಂಥವರ ಹೆಸರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಪಟ್ಟಿಯಲ್ಲಿ ಇರಬೇಕು, ಅವರಿಗೆ ಸಂಭಾವನೆಯೂ ಉಂಟು.

ಈಗ ಈ ಸ್ಕ್ರೀನಿನಲ್ಲಿ ಇರುವ ನಮ್ಮನ್ನೇ ನೋಡಿಕೊಳ್ಳಿ. ಮಂಜೇಶ್ವರದವರಿಗೆ ಕನ್ನಡ ಮಲಯಾಳ, ತಾಳವಾಡಿಯವರಿಗೆ ಕನ್ನಡ ತಮಿಳು, ಜತ್ತಿನವರಿಗೆ ಕನ್ನಡ ಮರಾಠಿ, ಮಡಕಶಿರದವರಿಗೆ ಕನ್ನಡ ತೆಲುಗು. ನಿಯಮ ಕೇಳುವ ಅರ್ಹತೆ ನಮ್ಮಲ್ಲಿ ಬಹಳ ಜನರಿಗೆ ಉಂಟು. ಎರಡು ಭಾಷೆಯ ನಡುವೆ ಬೆಳೆದದ್ದನ್ನು ನಾವು ಯಾವಾಗಲೂ ಕಷ್ಟವಾಗಿಯೇ ಹೇಳಿಕೊಳ್ಳುತ್ತೇವೆ.

ಭಾಷೆಯ ಎಡವಟ್ಟು ಮಾವನ ಒಂದು ಶಬ್ದದ್ದಲ್ಲ. ಠಾಣೆಯಲ್ಲಿ ಬರೆಸುವ ಮಾತಿಗೆ ನಾವು ಹೇಳಿಕೆ ಅನ್ನುತ್ತೇವೆ. ಕೇರಳದಲ್ಲಿ ಅದು ಮೊಳಿ, ತಮಿಳುನಾಡಿನಲ್ಲಿ ವಾಕ್ಕುಮೂಲಂ, ಆಂಧ್ರ ತೆಲಂಗಾಣದಲ್ಲಿ ವಾಂಗ್ಮೂಲಂ, ಮಹಾರಾಷ್ಟ್ರದಲ್ಲಿ ಜಬಾಬ. ‘ಜಬಾಬ ಕೊಡ್ರಿ’ ಅಂದಾಗ ಅದು ತನ್ನ ಮೇಲಿನ ಆಪಾದನೆಗೆ ಉತ್ತರ ಕೊಡುವುದು ಅಂತ ಒಬ್ಬ ಹೆಣ್ಣುಮಗಳು ತಿಳಿದು ಹೆದರಿದ್ದಳು ಅಂತ ಅಕ್ಕಲಕೋಟೆಯ ನನ್ನ ಸಹಪಾಠಿ ಹೇಳಿದಳು. ಮರಾಠಿಯಲ್ಲಿ ಛಳ ಅಂದರೆ ಕಿರುಕುಳ, ಹಿಂಸೆ. ವರದಕ್ಷಿಣೆ ಕೇಸಿನ ಕಾಗದಗಳಲ್ಲಿ ಆ ಶಬ್ದ ಬರುತ್ತಲೇ ಇರುತ್ತದೆ. ನಮ್ಮ ಛಲ ಹಟದ, ನಿರ್ಧಾರದ ಶಬ್ದ. ಮಲಯಾಳ ಪತ್ರಿಕೆಯಲ್ಲಿ ಪೀಡನಂ ಅಂತ ಬಂದರೆ ಓದುಗರು ಲೈಂಗಿಕ ಹಿಂಸೆ ಅಂತಲೇ ತಿಳಿಯುತ್ತಾರೆ. ಕನ್ನಡದ ಪೀಡೆ ಪೀಡನೆಗೆ ಅಷ್ಟು ನಿರ್ದಿಷ್ಟ ಅರ್ಥ ಇಲ್ಲ. ನಮ್ಮ ಕಡೆ ಹೆಂಗಸರು, ಮಕ್ಕಳು ಹೇಳುವ ಶಬ್ದ ‘ಉಪದ್ರ’. ‘ಅವ ಉಪದ್ರ ಕೊಡ್ತಾನೆ.’ ಜಡೆ ಎಳೆಯುವುದರಿಂದ ಹಿಡಿದು ಬಾಯಿಬಿಟ್ಟು ಹೇಳಲಾಗದ್ದರ ವರೆಗೆ ಎಲ್ಲವೂ ಆ ಒಂದು ಶಬ್ದದೊಳಗೆ ಉಂಟು. ಸೊಲ್ಲಾಪುರದ ಕಡೆ ‘ತ್ರಾಸ’ ಇದೇ ಕೆಲಸ ಮಾಡುತ್ತದೆ. ಬರೆದುಕೊಳ್ಳುವವರು ಅದನ್ನು ಹಗುರವಾಗಿ ತೆಗೆದುಕೊಂಡರೆ ಕೇಸು ಹಗುರವಾಗುತ್ತದೆ. ಹಾಗಂತ ‘ಹೀಗೆ ಮಾಡಿದನಾ, ಹಾಗೆ ಮಾಡಿದನಾ’ ಅಂತ ನಾವೇ ಮಗುವಿನ ಬಾಯಿಗೆ ಮಾತು ಇಡಬಾರದು. ‘ಮಾವ ಅಂದರೆ ಯಾರು? ಅವರ ಮನೆ ಎಲ್ಲಿ? ಉಪದ್ರ ಅಂದರೆ ಎಂತ ಮಾಡ್ತಾರೆ?’ ಅಂತ ಕೇಳಿ ಸುಮ್ಮನೆ ಕಾಯಬೇಕು. ದುಭಾಷಿ ಕೂಡ ಹೇಳಿದ್ದನ್ನು ದಾಟಿಸಬೇಕೇ ಹೊರತು ತಿದ್ದಬಾರದು. ಏನಿಯನ್ನು ಏಣಿ ಮಾಡುವ ನನ್ನಂಥವರು ಇಲ್ಲಿ ಅಪಾಯ.

ಕನ್ನಡಕ್ಕೆ ಈ ಹಿಂಸೆ ಗೊತ್ತಿಲ್ಲ ಅಂತಲ್ಲ. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಅಂತ ಗಾದೆ ಇದೆ. ಹೊಡೆತ ತಿನ್ನದ ಮಗುವೂ ಹೊಡೆತ ನೋಡುತ್ತಾ ಬೆಳೆದರೆ ಸೊರಗುತ್ತದೆ ಅನ್ನುವುದು ಅದರಲ್ಲಿ ಪೂರ್ತಿ ಉಂಟು. ಆದರೆ ಅದರ ಪಕ್ಕದಲ್ಲೇ ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಅನ್ನುವ ಗಾದೆಯೂ ಕೂತಿದೆ. ಜನ ನಡೆದುಕೊಳ್ಳುವುದು ಎರಡನೆಯದರ ಪ್ರಕಾರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರ ಪೈಕಿ ನೆರವು ಕೇಳಿದವರು ನೂರಕ್ಕೆ 14 ಮಂದಿ. 77 ಮಂದಿ ನೆರವೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ಮಾಡಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆ ಆಗಿದೆ ಅಂದಿದ್ದರು. ಗಂಡುಮಕ್ಕಳೂ ಅದರಲ್ಲಿದ್ದಾರೆ. ಪೋಕ್ಸೊ ಕಾಯಿದೆ ಹುಡುಗ ಹುಡುಗಿ ಅಂತ ಭೇದ ಮಾಡುವುದಿಲ್ಲ. 18 ತುಂಬದವರೆಲ್ಲ ಅದಕ್ಕೆ ಮಕ್ಕಳೇ.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನು ನಮ್ಮಲ್ಲಿ ತಲಾಕಿನ ಕಾದಂಬರಿ ಅಂತ ಪಾಠ ಮಾಡುತ್ತಾರೆ. ಆ ಘಟನೆಯ ನಂತರ ಮತ್ತೆ ಓದಿದೆ. ಈ ಸಲ ಕಂಡದ್ದು ಅಪ್ಪನ ಸಿಟ್ಟಿಗೆ ಹೆಂಡತಿ ಮಕ್ಕಳು ನಡುಗುವ ಮನೆ. ನಾದಿರಾಳಿಗೆ ತವರು ಉಂಟು, ಗಂಡನ ಮನೆ ಉಂಟು, ಕಡೆಗೆ ಮಸೀದಿಯ ಕೆರೆ ಉಂಟು. ಹೋಗಿ ಕದ ತಟ್ಟಬಹುದಾದ ಮೂರನೆಯ ಮನೆ ಇಲ್ಲ. ಕಾದಂಬರಿ 1980ರ ದಶಕದ್ದು. ಈಗ ಮೂರನೆಯ ಕದ ಇದೆಯಾ ಅಂದರೆ, ಕಾಗದದ ಮೇಲಂತೂ ಇದೆ. ಅದನ್ನು ಗಡಿಯ ಎರಡೂ ಕಡೆಯವರಿಗೆ ಆಗುವ ಹಾಗೆ ಹೇಳುತ್ತೇನೆ.

ಗಡಿನಾಡಿನ ಮದುವೆಗಳು ರಾಜ್ಯದ ಗಡಿ ನೋಡುವುದಿಲ್ಲ. ಅಕ್ಕಲಕೋಟೆಗೆ ಆಳಂದ, ಇಂಡಿಯ ಹೆಣ್ಣುಮಕ್ಕಳು ಬರುತ್ತಾರೆ, ರಾಯದುರ್ಗಕ್ಕೆ ಬಳ್ಳಾರಿಯವರು, ನಮ್ಮಲ್ಲಿಗೆ ಪುತ್ತೂರು ಬಂಟ್ವಾಳದವರು. ಹೊಡೆತ ತಿಂದು ತವರಿಗೆ ಬಂದರೆ ತವರಿನ ಠಾಣೆಯಲ್ಲಿ ಹೇಳುವುದು “ಅದು ಆ ರಾಜ್ಯದ ವಿಷಯ, ಅಲ್ಲೇ ಹೋಗಿ ಕೊಡಿ.” ಸಹಪಾಠಿಯ ಪಕ್ಕದ ಮನೆಯ ವೈನಿಗೆ ಹೀಗೆ ಹೇಳಿದ್ದರಂತೆ. ಆಕೆ ಎರಡು ಸಲ ಬಸ್ಸು ಹತ್ತಿ, ಎರಡು ಸಲವೂ ಅರ್ಧ ದಾರಿಯಿಂದ ತಿರುಗಿ ಬಂದರು.

ತಿರುಗಿ ಹೋಗಬೇಕಾಗಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದರ 27ನೇ ಕಲಂ ಪ್ರಕಾರ ನೊಂದ ಹೆಂಗಸು ಈಗ ಎಲ್ಲಿದ್ದಾಳೋ, ತಾತ್ಕಾಲಿಕವಾಗಿ ಇದ್ದರೂ ಸರಿ, ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಗಂಡನ ಮನೆಯವರ ಕ್ರೌರ್ಯದ ಕ್ರಿಮಿನಲ್ ಕೇಸನ್ನೂ ಆಶ್ರಯ ಪಡೆದ ಊರಲ್ಲಿ ಹಾಕಬಹುದು ಅಂತ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲೂ ಕೊಡಬಹುದು ಅನ್ನುತ್ತದೆ. ಝೀರೋ ಎಫ್‌ಐಆರ್ ಅನ್ನುವುದು ಇದನ್ನೇ. ಅಂದರೆ ಕನ್ನಡದಲ್ಲಿ ಬರೆದುಕೊಳ್ಳುವ ಠಾಣೆ ತವರಿನಲ್ಲಿದ್ದರೆ ಅಲ್ಲೇ ಬರೆಸಬಹುದು.

ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ಹಿಂಸೆ ಅಂದರೆ ಹೊಡೆತ ಮಾತ್ರ ಅಲ್ಲ. ಬೈಗುಳ, ಅವಮಾನ, ಲೈಂಗಿಕ ಹಿಂಸೆ, ಖರ್ಚಿಗೆ ಕೊಡದೆ ಇರುವುದು, ಅವಳ ಸಂಬಳ ಕಿತ್ತುಕೊಳ್ಳುವುದು ಎಲ್ಲ ಸೇರುತ್ತದೆ. ಮನೆ ಯಾರ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗುಂಟು, ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನೂ ಕೇಳಬಹುದು. ಅರ್ಜಿಯ ಜೊತೆ ಹೋಗುವ ಘಟನಾ ವರದಿಯನ್ನು ತುಂಬಿಸಿಕೊಡುವವರು ಸಂರಕ್ಷಣಾಧಿಕಾರಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ, ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅದರ ಸಂಖ್ಯೆ 15100.

ಫೋನಿನ ವಿಷಯಕ್ಕೆ ಬಂದರೆ ಮಕ್ಕಳಿಗೆ 1098, ಹೆಂಗಸರಿಗೆ 181, ಈಗಲೇ ಪೊಲೀಸರು ಬೇಕು ಅಂದರೆ 112. ಕೇರಳದಲ್ಲಿ 181ನ್ನು ಮಿತ್ರ ಅನ್ನುತ್ತಾರೆ. 1098 ಮೊದಲು ಶುರುವಾದದ್ದು 1996ರಲ್ಲಿ ಮುಂಬಯಿಯಲ್ಲಿ, 2023ರಿಂದ ಸರ್ಕಾರವೇ ನಡೆಸುತ್ತಿದೆ. ಗಡಿಯಲ್ಲಿ ಒಂದು ತೊಂದರೆ ಉಂಟು. ತಲಪಾಡಿ ಹತ್ತಿರ ನಮ್ಮ ಅಂಗಳದ ಒಂದು ಮೂಲೆಯಲ್ಲಿ ಕೇರಳದ ಟವರ್, ಇನ್ನೊಂದು ಮೂಲೆಯಲ್ಲಿ ಕರ್ನಾಟಕದ ಟವರ್ ಅನ್ನುವ ಮನೆಗಳಿವೆ. ಕರೆ ಯಾವ ರಾಜ್ಯಕ್ಕೆ ಹೋಗಿ ಬಿತ್ತು ಅಂತ ಮಾಡಿದವರಿಗೆ ತಿಳಿಯುವುದಿಲ್ಲ. ಹಾಗಾಗಿ ಮೊದಲ ಮಾತಿನಲ್ಲೇ ರಾಜ್ಯ, ಜಿಲ್ಲೆ, ಪಂಚಾಯತು, ಊರು ಹೇಳಿಬಿಡಬೇಕು. ಕನ್ನಡ ಬರುವವರು ಇದ್ದಾರಾ ಅಂತ ಎರಡನೆಯ ಮಾತಿನಲ್ಲಿ. ಆಚೆ ಕಡೆಯ ಮಾತು ಅರ್ಥವಾಗಲಿಲ್ಲ ಅಂತ ಫೋನ್ ಇಡಬೇಡಿ, ಊರಿನ ಹೆಸರು ಎಲ್ಲ ಭಾಷೆಯಲ್ಲೂ ಒಂದೇ.

ಫೋನ್ ಮಾಡಲು ಧೈರ್ಯ ಇಲ್ಲದವರು ನಡೆದು ಹೋಗುವ ಜಾಗವೂ ಇವೆ. 2015ರಿಂದ ಜಿಲ್ಲೆಗಳಲ್ಲಿ ಆರಂಭವಾದ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ವೈದ್ಯರು, ಪೊಲೀಸು, ವಕೀಲರು, ಆಪ್ತಸಲಹೆ ಒಂದೇ ಕಡೆಯಿಂದ ಸಿಗಬೇಕು, ಐದು ದಿನದ ವರೆಗೆ ಉಳಿಯಲೂಬಹುದು. ಕೇರಳದಲ್ಲಿ ಕುಟುಂಬಶ್ರೀಯ ಸ್ನೇಹಿತಾ ಉಂಟು, ಪಂಚಾಯತಿನ ಜಾಗ್ರತಾ ಸಮಿತಿ ಉಂಟು. ಕುಟುಂಬಶ್ರೀಯಲ್ಲಿ ನಮ್ಮದೇ ಊರಿನ ಹೆಂಗಸರು ಇರುವುದರಿಂದ ಭಾಷೆಯ ತಾಪತ್ರಯ ಕಡಿಮೆ. ಆದರೆ ಸುದ್ದಿ ಊರೆಲ್ಲ ಹರಡುವ ಭಯವೂ ಅದರಿಂದಲೇ ಹೆಚ್ಚು. ಎಷ್ಟೋ ಮಂದಿ ಪರಭಾಷೆಯ ಅಪರಿಚಿತರ ಹತ್ತಿರವೇ ಹೇಳಿಕೊಳ್ಳುವುದು ಮೇಲು ಅನ್ನುತ್ತಾರೆ. ಅದೂ ನಿಜವೇ.

ಲಿಖಿತ ದೂರು ಕೊಡುವವರು ಒಂದು ನೆನಪಿಡಿ. ಸಂವಿಧಾನದ 350ನೇ ವಿಧಿಯ ಪ್ರಕಾರ ಕಷ್ಟ ಪರಿಹಾರಕ್ಕಾಗಿ ಯಾವ ಅಧಿಕಾರಿಗೂ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಉಂಟು. ಕನ್ನಡದಲ್ಲಿ ಬರೆದದ್ದು ಅಂತ ಕಾಗದ ಹಿಂದೆ ಕೊಡುವ ಹಾಗಿಲ್ಲ. ನಾವು 350 ಎ ಹಿಡಿದು ಶಾಲೆಗಾಗಿ ಹೋರಾಡಿದ್ದೇವೆ. ಅದರ ಮೇಲಿನ ಸಾಲನ್ನು ಇಂಥ ಕಡೆ ಬಳಸಿದ್ದು ಕಡಿಮೆ.

ಚಾಟಿನಲ್ಲಿ ಪ್ರಶ್ನೆಗಳು ಬಂದಿವೆ. ಒಬ್ಬರು ಮೇಷ್ಟ್ರು ಕೇಳಿದ್ದಾರೆ, ಮೊದಲು ಮನೆಯವರಿಗೆ ತಿಳಿಸುವುದು ಕ್ರಮವಲ್ಲವೇ ಅಂತ. ಸರ್, ಹಿಂಸೆ ಮಾಡಿದವರು ಮನೆಯೊಳಗೇ ಇದ್ದರೆ ತಿಳಿಸಿದ್ದು ಅವರಿಗೇ ತಲುಪುತ್ತದೆ. ಆ ಕ್ಷಣದಿಂದ ಮಗುವಿನ ಬಾಯಿ ಮುಚ್ಚಿಸುವ ಕೆಲಸ ಶುರು. ಲೈಂಗಿಕ ಹಿಂಸೆಯ ವಿಷಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳ ವರೆಗೆ ಶಿಕ್ಷೆ ಉಂಟು. ಶಾಲೆಯ ಹೆಸರು ಕೆಡುತ್ತದೆ ಅನ್ನುವುದು ಅದಕ್ಕೆ ಸಬೂಬಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ ಅಂತಲೂ ಅದೇ ಕಾಯಿದೆ ಹೇಳುತ್ತದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಮಗು ಆ ಮನೆಯಲ್ಲೇ ಇರಬೇಕೋ, ಅಜ್ಜಿಮನೆಗೋ ಅಂತ ನೋಡುವುದು ಸಮಿತಿ. ಕೋರ್ಟು ಮುಗಿಯುವ ತನಕ ಜೊತೆಗೆ ಓಡಾಡಲು ಒಬ್ಬ ನೆರವಿನ ವ್ಯಕ್ತಿಯನ್ನೂ ಸಮಿತಿಯಿಂದ ಕೇಳಬಹುದು.

ಇನ್ನೊಬ್ಬರದು: ಹೊಡೆಯುವುದು ಮಾತ್ರ, ಬೇರೆ ಏನೂ ಇಲ್ಲ, ಆಗ? 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಂ. ಮಗುವನ್ನು ನೋಡಿಕೊಳ್ಳಬೇಕಾದವರೇ ಹೊಡೆದು ಬಡಿದು ಹಿಂಸೆ ಕೊಟ್ಟರೆ, ಅಪ್ಪ ಅಮ್ಮ ಆದರೂ, ಮೂರು ವರ್ಷದ ವರೆಗೆ ಶಿಕ್ಷೆಯಾಗಬಹುದು. 1098ಕ್ಕೆ ಇದನ್ನೂ ಹೇಳಬಹುದು.

ಹೆಸರು ಹಾಕದೆ ಒಬ್ಬರು ಕೇಳಿದ್ದಾರೆ: ಚಿಕ್ಕವರಿದ್ದಾಗ ಆದದ್ದು, ಈಗ ವರ್ಷಗಳಾಗಿವೆ, ಹೇಳಬಹುದಾ? ಹೇಳಬಹುದು. ಗಂಭೀರ ಅಪರಾಧಗಳಿಗೆ ದೂರು ಕೊಡಲು ಕಾಲಮಿತಿ ಇಲ್ಲ. ಪೋಕ್ಸೊ ಜಾರಿಯಾದದ್ದು 2012ರ ನವೆಂಬರ್ 14ರಂದು, ಅದಕ್ಕೆ ಹಿಂದಿನದಾದರೆ ಆಗಿನ ದಂಡಸಂಹಿತೆ ಅನ್ವಯಿಸುತ್ತದೆ. ದೂರು ಬೇಡ, ಯಾರ ಹತ್ತಿರವಾದರೂ ಮಾತಾಡಿದರೆ ಸಾಕು ಅನ್ನಿಸಿದರೆ ಟೆಲಿ ಮಾನಸ್ 14416 ಉಂಟು, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ನೀವು ನನಗೆ ಬೇರೆಯಾಗಿ ಬರೆಯಬಹುದು, ಈ ಪ್ರಶ್ನೆಯನ್ನು ಮುದ್ರಿಸುವಾಗ ನಿಮ್ಮ ಗುರುತು ಇರುವುದಿಲ್ಲ.

ಕಡೆಯದು, ಆ ಹುಡುಗಿ ಈಗ ಹೇಗಿದ್ದಾಳೆ ಅಂತ. ಅಜ್ಜಿಮನೆಯಲ್ಲಿದ್ದಾಳೆ. ಕೇಸು ನಡೀತಾ ಉಂಟು, ಅದರ ಬಗ್ಗೆ ನಾನು ಹೆಚ್ಚು ಹೇಳುವ ಹಾಗಿಲ್ಲ. ಕಳೆದ ರಜೆಯಲ್ಲಿ ಹೋದಾಗ ಜಗಲಿಯಲ್ಲಿ ಕೂತು ಹೋಂವರ್ಕ್ ಮಾಡ್ತಾ ಇದ್ದಳು. ಏಣಿಯನ್ನು ಈಗಲೂ ಏನಿ ಅಂತಲೇ ಬರೀತಾಳೆ. ನಾನು ತಿದ್ದಲಿಲ್ಲ.